ಕ್ಲೋಸ್ ಒತ್ತಿದ ಮೇಲೆ ಪಿಜಿನ್ ಎಲ್ಲಿಗೆ ಹೋಗುತ್ತದೆ?

ವಿಜಯಪುರದ ಡಿಟಿಪಿ ಅಂಗಡಿ, ಸಣ್ಣ ಪ್ರೆಸ್ಸು, ಆಡಿಟರ್ ಆಫೀಸುಗಳಲ್ಲಿ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿಸಿಕೊಂಡ ಕೆಲವು ಕಡೆ ಪಿಜಿನ್ ಅನ್ನುವ ಚಾಟ್ ಪ್ರೋಗ್ರಾಂ ಇನ್ನೂ ನಡೆಯುತ್ತದೆ. ಕಾರಣ ಸರಳ. ಅದರಲ್ಲಿ ಬಾಂಜೂರ್ ಖಾತೆ ಮಾಡಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಒಳಗಿನ ಕೋಣೆಯಿಂದ ಮುಂದಿನ ಕೌಂಟರಿಗೆ ಮೆಸೇಜ್ ಹೋಗುತ್ತದೆ. ಸರ್ವರ್ ಬೇಡ, ಫೋನ್ ನಂಬರ್ ಬೇಡ. ಇಂಥ ಕಡೆಗಳಿಂದ ಕಂಪ್ಯೂಟರ್ ರಿಪೇರಿಯವರಿಗೆ ಬರುವ ದೂರು ಎರಡು ನಮೂನೆಯದು. ಒಂದು: "ಬಂದ್ ಮಾಡೀನ್ರಿ, ಆದ್ರೂ ಮೆಸೇಜ್ ಬರಾಕತ್ತಾವ." ಇನ್ನೊಂದು ಪೂರ್ತಿ ಉಲ್ಟಾ: "ಪಟ್ಟಿ ಅಷ್ಟೇ ಮುಚ್ಚಿದ್ನಿ ಸರ್ರ, ಚಾಟೇ ಬಂದ್ ಆಗಿಬಿಡ್ತು."

ಪಟ್ಟಿ ಅಂದರೆ ಚಾಟ್‌ಗೆ ಸಿಗುವವರ ಹೆಸರು ತೋರಿಸುವ ಪಿಜಿನ್‌ನ ಮುಖ್ಯ ಕಿಟಕಿ. ಇಬ್ಬರೂ ಒತ್ತಿದ್ದು ಆ ಕಿಟಕಿಯ ಮೂಲೆಯಲ್ಲಿರುವ ಅದೇ ಕ್ಲೋಸ್ ಗುಂಡಿ. ಒಬ್ಬರಿಗೆ ಅದು ಪ್ರೋಗ್ರಾಂ ಅನ್ನು ಅಡಗಿಸಿತು, ಇನ್ನೊಬ್ಬರಿಗೆ ನಿಲ್ಲಿಸಿತು. ಎರಡರ ನಡುವೆ ನಿಂತು ತೀರ್ಮಾನ ಮಾಡುವುದು ಗಡಿಯಾರದ ಪಕ್ಕದ ಆ ಪುಟ್ಟ ಐಕಾನ್, ಅಂದರೆ ಸಿಸ್ಟಂ ಟ್ರೇ ಐಕಾನ್. ಈ ಐಕಾನಿನ ವಿಷಯ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಸಿಕ್ಕಾಗಿದೆ ಅಂದರೆ, ಹಿಂದಿನಿಂದ ಎಳೆದುಕೊಂಡು ಬರದಿದ್ದರೆ ತುದಿ ಸಿಗುವುದಿಲ್ಲ.

1995ರ ವಿಂಡೋಸ್ 95 ಗಡಿಯಾರದ ಪಕ್ಕ ಜಾಗ ಮಾಡಿಕೊಟ್ಟಿತು, 1996ರಲ್ಲಿ ಬಂದ ಐಸಿಕ್ಯೂ ತನ್ನ ಹೂವನ್ನು ಅಲ್ಲಿ ಇಟ್ಟಿತು, ಆಮೇಲೆ ಬಂದ ಚಾಟ್ ಪ್ರೋಗ್ರಾಂಗಳೆಲ್ಲ ಅದೇ ದಾರಿ ಹಿಡಿದವು.

ಲಿನಕ್ಸ್ ಕಡೆ ಮಾರ್ಕ್ ಸ್ಪೆನ್ಸರ್ 1998ರಲ್ಲಿ ಗೇಮ್ ಅನ್ನುವ ಚಾಟ್ ಪ್ರೋಗ್ರಾಂ ಬರೆದರು. ಎಒಎಲ್ ಕಂಪನಿಯ ಜೊತೆ ಹೆಸರಿನ ತಕರಾರು ನಡೆದು, 2007ರಲ್ಲಿ ಅದೇ ಪ್ರೋಗ್ರಾಂ ಪಿಜಿನ್ ಆಯಿತು. ಶುರುವಿನಲ್ಲಿ ಲಿನಕ್ಸ್‌ನಲ್ಲಿ ಟ್ರೇಗೆ ಒಂದೇ ನಿಯಮ ಅಂತ ಇರಲಿಲ್ಲ. ಗ್ನೋಮ್, ಕೆಡಿಇ ಎರಡೂ ಲಿನಕ್ಸ್‌ನ ಡೆಸ್ಕ್‌ಟಾಪ್‌ಗಳು. ಗ್ನೋಮ್‌ನದು ಒಂದು ರೀತಿ, ಕೆಡಿಇಯದು ಇನ್ನೊಂದು. 2002ರಲ್ಲಿ ಫ್ರೀಡೆಸ್ಕ್‌ಟಾಪ್ ಅನ್ನುವ ಬಳಗ ಎಲ್ಲರಿಗೂ ಹೊಂದುವ ಒಂದು ಒಪ್ಪಂದ ತಂದಿತು. ಅದರ ಪ್ರಕಾರ ಟ್ರೇ ಐಕಾನ್ ಅಂದರೆ ಬರೀ ಚಿತ್ರ ಅಲ್ಲ, ಒಂದು ಪುಟ್ಟ ಕಿಟಕಿ. ಎಕ್ಸ್‌ಎಂಬೆಡ್ ಅನ್ನುವ ವಿಧಾನದಿಂದ ಪ್ರೋಗ್ರಾಂ ಆ ಕಿಟಕಿಯನ್ನು ಗಡಿಯಾರ ಇರುವ ಪ್ಯಾನಲ್ ಒಳಗೆ ಕೂರಿಸುತ್ತದೆ. ಇನ್ನೊಬ್ಬರ ಕಟ್ಟೆಯ ಮೇಲೆ ಅಂಗಡಿ ಹಚ್ಚಿದ ಹಾಗೆ. ಮನೆಯವರು ಏಳು ಅಂದರೆ ಏಳಬೇಕು, ಮನೆಯೇ ಇಲ್ಲದಿದ್ದರೆ ಕೂರಲು ಜಾಗವೇ ಇಲ್ಲ.

ಮುಂದಿನ ತೊಂದರೆ ಜಾಸ್ತಿ ಬಂದದ್ದು ಇದರಿಂದಲೇ. ಐಕಾನ್ ಕೊಡುವವರು ಒಬ್ಬರು, ಜಾಗ ಕೊಡುವವರು ಇನ್ನೊಬ್ಬರು. ಐಕಾನ್ ಕೂತಿತೋ ಇಲ್ಲವೋ ಅನ್ನುವುದು ಪ್ರೋಗ್ರಾಂಗೆ ಆ ಗಳಿಗೆಯಲ್ಲಿ ಗೊತ್ತಿರುವುದಿಲ್ಲ.

ಗೇಮ್ ಕಾಲದಲ್ಲಿ ಟ್ರೇ ಐಕಾನ್ ಒಂದು ಪ್ಲಗಿನ್ ಆಗಿತ್ತು. ಬೇಕಾದವರು ಹುಡುಕಿ ಆನ್ ಮಾಡಿಕೊಳ್ಳಬೇಕಿತ್ತು. ಪ್ಲಗಿನ್ ಅಂದಮೇಲೆ ನಡುವೆ ಆಫ್ ಮಾಡಲೂಬಹುದು, ಅಲ್ವಾ? ಪಟ್ಟಿಯನ್ನು ಟ್ರೇಗೆ ಅಡಗಿಸಿಟ್ಟು, ಆಮೇಲೆ ಪ್ಲಗಿನ್ ಹೋದರೆ? ಪ್ರೋಗ್ರಾಂ ಒಳಗೆ ಓಡುತ್ತಲೇ ಇರುತ್ತದೆ, ಹೊರಗೆ ಕಾಣಲು ಬಾಗಿಲೇ ಇಲ್ಲ. ಇದಕ್ಕಾಗಿ ಒಳಗೆ ಒಂದು ಲೆಕ್ಕ ಬೇಕಾಯಿತು. ಪಿಜಿನ್ 2.0 ಬರುವಷ್ಟರಲ್ಲಿ ಟ್ರೇ ಐಕಾನ್ ಮೂಲ ಪ್ರೋಗ್ರಾಂ ಒಳಗೇ ಸೇರಿತು, ಪ್ರಿಫರೆನ್ಸಸ್‌ನಲ್ಲಿ ಮೂರು ಆಯ್ಕೆ ಬಂದವು: ಯಾವಾಗಲೂ ತೋರಿಸು, ಎಂದೂ ಬೇಡ, ಓದದ ಮೆಸೇಜ್ ಇದ್ದಾಗ ಮಾತ್ರ ತೋರಿಸು.

ಆ ಲೆಕ್ಕ ಹೀಗಿದೆ. ಅಡಗಿದ ಪಟ್ಟಿಯನ್ನು ವಾಪಸ್ ತರುವ ಹೊಣೆ ಹೊತ್ತವರು ಎಷ್ಟು ಜನ ಇದ್ದಾರೆ ಅಂತ ಪಿಜಿನ್ ಎಣಿಸಿಕೊಳ್ಳುತ್ತದೆ. ಟ್ರೇ ಐಕಾನ್ ಸರಿಯಾಗಿ ಕೂತರೆ ಒಂದು ಸೇರುತ್ತದೆ. ಹೋದರೆ ಒಂದು ಕಡಿಮೆ. ಕ್ಲೋಸ್ ಒತ್ತಿದಾಗ ಆ ಎಣಿಕೆ ನೋಡುತ್ತದೆ. ಒಬ್ಬರಾದರೂ ಇದ್ದರೆ ಪಟ್ಟಿ ಅಡಗುತ್ತದೆ, ಯಾರೂ ಇಲ್ಲದಿದ್ದರೆ ಪ್ರೋಗ್ರಾಂ ಪೂರ್ತಿ ನಿಲ್ಲುತ್ತದೆ. ಪಟ್ಟಿ ಅಡಗಿರುವಾಗಲೇ ಎಣಿಕೆ ಸೊನ್ನೆಗೆ ಇಳಿದರೆ ಪಟ್ಟಿ ತಾನಾಗಿ ಮೇಲೆ ಬರುತ್ತದೆ. ಮರಳುವ ದಾರಿ ಇಲ್ಲದೆ ಅಡಗಬಾರದು ಅನ್ನುವ ನಿಯಮ ಇದು. ಎಷ್ಟೋ ದೊಡ್ಡ ಪ್ರೋಗ್ರಾಂಗಳು ಇಷ್ಟು ಸಣ್ಣ ವಿವೇಕವನ್ನೂ ತೋರಿಸುವುದಿಲ್ಲ.

ಮೇಲೆ ಹೇಳಿದ ಎರಡು ದೂರಿಗೂ ಉತ್ತರ ಇಲ್ಲೇ ಸಿಗುತ್ತದೆ. 'ಯಾವಾಗಲೂ' ಅಂತ ಇಟ್ಟ ಕಂಪ್ಯೂಟರಿನಲ್ಲಿ ಐಕಾನ್ ಹೊಣೆಗಾರ. ಕ್ಲೋಸ್ ಒತ್ತಿದರೆ ಪಿಜಿನ್ ಅಡಗುತ್ತದೆ ಅಷ್ಟೇ, ಮೆಸೇಜ್ ಬರುತ್ತಲೇ ಇರುತ್ತವೆ. 'ಓದದ ಮೆಸೇಜ್ ಇದ್ದಾಗ ಮಾತ್ರ' ಅಂತ ಇಟ್ಟ ಕಡೆ ಐಕಾನ್ ಬಂದು ಹೋಗುವ ಅತಿಥಿ, ಅದನ್ನು ಪಿಜಿನ್ ಎಣಿಕೆಗೆ ಸೇರಿಸುವುದೇ ಇಲ್ಲ. ಅಲ್ಲಿ ಕ್ಲೋಸ್ ಅಂದರೆ ಕ್ಲೋಸ್. ಒಳಗಿನ ಲೆಕ್ಕ ಸರಿಯಾಗಿದೆ. ಆದರೆ ಕೌಂಟರಿನಲ್ಲಿ ಕೂತವರಿಗೆ ಅದನ್ನು ತಿಳಿಸುವ ಒಂದು ಸಾಲೂ ಪರದೆಯ ಮೇಲೆ ಇಲ್ಲ.

ಇನ್ನೊಂದು ತೊಡಕು ನಮ್ಮ ಕಡೆಯ ಹಳೇ ಕಂಪ್ಯೂಟರುಗಳಿಗೆ ತೀರಾ ಹತ್ತಿರದ್ದು. ಬೇಸಿಗೆಯಲ್ಲಿ ಕರೆಂಟ್ ಹೋಗುತ್ತದೆ, ಬರುತ್ತದೆ. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಕಂಪ್ಯೂಟರ್ ಮೊದಲಿನಿಂದ ಏಳಬೇಕು. ಹಳೇ ಹಾರ್ಡ್ ಡಿಸ್ಕ್, ಕಡಿಮೆ ರ‍್ಯಾಮ್. ಲಾಗಿನ್ ಆದ ಕೂಡಲೇ ಪಿಜಿನ್, ಪ್ಯಾನಲ್, ಉಳಿದವೆಲ್ಲ ಒಟ್ಟಿಗೆ ಏಳಲು ಗುದ್ದಾಡುತ್ತವೆ. ಪ್ಯಾನಲ್ ಇನ್ನೂ ತಯಾರಾಗಿಲ್ಲ, ಪಿಜಿನ್ ಬಂದು ಜಾಗ ಕೇಳುತ್ತದೆ. ಜಾಗ ಇಲ್ಲ ಅಂದುಕೊಂಡು ಪಟ್ಟಿಯನ್ನು ತೆರೆದಿಡಬೇಕೋ, ಸ್ವಲ್ಪ ಕಾಯಬೇಕೋ?

ಪಿಜಿನ್ ಬರೆದವರು ಇದಕ್ಕೆ ಕಂಡುಕೊಂಡ ಉಪಾಯ ಚಂದ ಇದೆ. ಐಕಾನ್ ಕೂರುತ್ತದೆ ಅಂತ ಮೊದಲು ನಂಬಿ ಕೆಲ ಸೆಕೆಂಡು ಕಾಯುವುದು. ಅಷ್ಟರಲ್ಲಿ ಕೂರದಿದ್ದರೆ ಎಣಿಕೆಯಿಂದ ತೆಗೆಯುವುದು, ಆಗ ಪಟ್ಟಿ ಕಾಣಿಸಿಕೊಳ್ಳುತ್ತದೆ. ತಡವಾಗಿ ಜಾಗ ಸಿಕ್ಕರೆ ಮತ್ತೆ ಸೇರಿಸುವುದು. ಹಿಂದಿನ ಸಲ ಐಕಾನ್ ಸರಿಯಾಗಿ ಕೂತಿತ್ತು ಅಂತ ನೆನಪಿದ್ದರೆ ಈ ಸಲ ಜಾಸ್ತಿ ಹೊತ್ತು ಕಾಯುವುದು. ಕೋಡ್‌ನಲ್ಲಿ ಬರೆದ ಟಿಪ್ಪಣಿ ಇದನ್ನು ಮುಚ್ಚುಮರೆ ಇಲ್ಲದೆ 'ಹ್ಯಾಕ್', ಅಂದರೆ ತೇಪೆ ಕೆಲಸ, ಅಂತಲೇ ಕರೆಯುತ್ತದೆ. ಐಕಾನ್ ನಿಜವಾಗಿ ಕೂತಾಗ ಮಾತ್ರ ಅದನ್ನು ಎಣಿಸುವುದೇ ಸರಿ ಅಂತಲೂ ಅಲ್ಲೇ ಬರೆದಿದೆ.

ಈ ಹೊತ್ತಿಗೆ ಕೆಳಗಿನ ನೆಲವೂ ಅಲುಗಾಡುತ್ತಿತ್ತು. ಮೊದಲೆಲ್ಲ ಟ್ರೇ ಐಕಾನ್ ಬೇಕಾದವರು ಅದರ ಕೋಡ್ ಅನ್ನು ನಕಲು ಮಾಡಿ ತಮ್ಮ ಪ್ರೋಗ್ರಾಂಗೆ ಅಂಟಿಸಿಕೊಳ್ಳುತ್ತಿದ್ದರು. ಪಿಜಿನ್ ತನ್ನ ಕಿಟಕಿ, ಗುಂಡಿಗಳನ್ನು ಕಟ್ಟುವುದು ಜಿಟಿಕೆ ಅನ್ನುವ ಸಿದ್ಧ ಕೋಡ್ ಸಂಗ್ರಹದಿಂದ. 2006ರಲ್ಲಿ ಜಿಟಿಕೆ 2.10 ಟ್ರೇ ಐಕಾನ್‌ಗೆ ತನ್ನದೇ ಸೌಲಭ್ಯ ಕೊಟ್ಟಿತು. 2014ರಲ್ಲಿ ಜಿಟಿಕೆ 3.14 ಅದನ್ನು ಇನ್ನು ಬಳಸಬೇಡಿ ಅಂದಿತು. 2020ರ ಕೊನೆಗೆ ಬಂದ ಜಿಟಿಕೆ 4ರಲ್ಲಿ ಅದು ಇಲ್ಲವೇ ಇಲ್ಲ.

ಡೆಸ್ಕ್‌ಟಾಪ್‌ಗಳು ಒಂದೊಂದು ದಿಕ್ಕು ಹಿಡಿದವು. ಲಿನಕ್ಸ್‌ನ ಒಂದು ರೂಪವಾದ ಉಬುಂಟು 2009ರಲ್ಲಿ ಪಿಜಿನ್ ಬದಲಿಗೆ ಎಂಪತಿ ಅನ್ನುವ ಇನ್ನೊಂದು ಚಾಟ್ ಪ್ರೋಗ್ರಾಂ ಇಟ್ಟು, ಮೆಸೇಜ್‌ಗಳಿಗೆಲ್ಲ ಒಂದೇ ಮೆನು ಮಾಡಿತು. ಕೆಡಿಇ 2010ರ ಸುಮಾರಿಗೆ, ಪ್ರೋಗ್ರಾಂಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಡಿ-ಬಸ್ ಮೂಲಕ ಕೆಲಸ ಮಾಡುವ ಹೊಸ ವಿಧಾನಕ್ಕೆ ಹೋಯಿತು. ಅದರಲ್ಲಿ ಪ್ರೋಗ್ರಾಂ ಕಿಟಕಿ ಕೊಡುವುದಿಲ್ಲ, 'ನನ್ನ ಐಕಾನ್ ಇದು, ನನ್ನ ಮೆನು ಇದು' ಅಂತ ಮಾಹಿತಿ ಕೊಡುತ್ತದೆ. ಚಿತ್ರ ಬಿಡಿಸುವುದು ಪ್ಯಾನಲ್ ಕೆಲಸ. ಎಕ್ಸ್‌ಎಂಬೆಡ್‌ಗಿಂತ ಇದು ಖಂಡಿತ ಒಳ್ಳೆಯದು. ಆದರೆ 2014ರಲ್ಲಿ ಬಂದ ಕೆಡಿಇಯ ಪ್ಲಾಸ್ಮಾ 5 ಹಳೇ ವಿಧಾನವನ್ನು ಕೈಬಿಟ್ಟಾಗ ಪಿಜಿನ್ ಥರದವುಗಳ ಐಕಾನ್ ಕಾಣೆಯಾದವು. ಎರಡರ ನಡುವೆ ಸೇತುವೆಯಾಗುವ ಸಣ್ಣ ಪ್ರೋಗ್ರಾಂ ಬಂದದ್ದು 2015ರ ಕೊನೆಯ 5.5ರಲ್ಲಿ. ನಡುವಿನ ಅಷ್ಟು ದಿನ ಬಳಸುವವರು ಏನು ಮಾಡಬೇಕಿತ್ತೋ!

ಗ್ನೋಮ್ ಇನ್ನೂ ಮುಂದೆ ಹೋಯಿತು. 2011ರ ಗ್ನೋಮ್ 3ರಲ್ಲಿ ಪರದೆಯ ಮೇಲಿನ ಪ್ಯಾನಲ್‌ನಿಂದ ಬೇರೆ ಪ್ರೋಗ್ರಾಂಗಳ ಐಕಾನ್‌ಗಳು ಕೆಳಗೆ ಸರಿದವು, 2015ರಲ್ಲಿ ಎಡಗಡೆಯ ಒಂದು ಮೂಲೆಗೆ ಹೋದವು, 2017ರ 3.26ರಲ್ಲಿ ಆ ಮೂಲೆಯೂ ಹೋಯಿತು. ಅವರ ವಾದದಲ್ಲಿ ಹುರುಳಿಲ್ಲ ಅನ್ನಲಾಗದು. ಒಂದೊಂದು ಪ್ರೋಗ್ರಾಂ ಒಂದೊಂದು ಬಣ್ಣ, ಒಂದೊಂದು ಅಳತೆಯ ಐಕಾನ್ ತಂದು ತುಂಬಿದರೆ ಆ ಜಾಗ ಸಂತೆಯಾಗುತ್ತದೆ. ಮೆಸೇಜ್ ಬಂದರೆ ಹೇಳಲು ನೋಟಿಫಿಕೇಶನ್ ಇದೆಯಲ್ಲ ಅನ್ನುವುದೂ ನಿಜ. ಆದರೆ ನೋಟಿಫಿಕೇಶನ್ ಮೆಸೇಜ್ ಬಂತು ಅನ್ನುತ್ತದೆಯೇ ಹೊರತು, ಸುಮ್ನೆ ಕೂತ ಹೊತ್ತಿನಲ್ಲಿ ಪ್ರೋಗ್ರಾಂ ಓಡುತ್ತಿದೆಯೋ ಇಲ್ಲವೋ ಹೇಳುವುದಿಲ್ಲ. ಅಂಗಡಿಯವರಿಗೆ ಬೇಕಾದದ್ದು ಆ ಎರಡನೆಯದು. ಅದೇ 2017ರಲ್ಲಿ ಗ್ನೋಮ್‌ಗೆ ಮರಳಿದ ಉಬುಂಟು 17.10 ಒಂದು ಎಕ್ಸ್‌ಟೆನ್ಶನ್ ಸೇರಿಸಿ ಡಿ-ಬಸ್ ಐಕಾನ್‌ಗಳನ್ನು ಉಳಿಸಿಕೊಂಡಿತು. ಬೇಡ ಅಂತ ತೆಗೆದದ್ದನ್ನು ಇನ್ನೊಬ್ಬರು ಬೇಕು ಅಂತ ಹಾಕಿಕೊಡಬೇಕಾಯಿತು.

ಈ ನಡುವೆ ಚಾಟ್ ಸೇವೆಗಳೇ ಒಂದೊಂದಾಗಿ ಮುಚ್ಚಿದವು. ಎಒಎಲ್ ಕಂಪನಿಯ ಎಐಎಂ 2017ರಲ್ಲಿ, ಯಾಹೂ ಮೆಸೆಂಜರ್ 2018ರಲ್ಲಿ, ಐಸಿಕ್ಯೂ 2024ರಲ್ಲಿ. ಲಿನಕ್ಸ್‌ನ ಇನ್ನೊಂದು ರೂಪವಾದ ಲಿನಕ್ಸ್ ಮಿಂಟ್ ಕೂಡ 2018ರ 19ನೇ ಆವೃತ್ತಿಯಿಂದ ಪಿಜಿನ್ ಅನ್ನು ಜೊತೆಗೆ ಕೊಡುವುದನ್ನು ಬಿಟ್ಟಿತು. ಬೇಕಾದವರು ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಹಾಕಿಕೊಳ್ಳಬೇಕು.

ಈಗಿನ ಸ್ಥಿತಿ ಹೀಗಿದೆ. ಪಿಜಿನ್ 2 ಇನ್ನೂ ಜಿಟಿಕೆ 2ರ ಮೇಲೆ, ಹಳೇ ಎಕ್ಸ್‌ಎಂಬೆಡ್ ಐಕಾನ್ ಜೊತೆಗೇ ಓಡುತ್ತಿದೆ. ಎಕ್ಸ್‌ಎಫ್‌ಸಿಇ, ಸಿನಮನ್‌ನಂಥ ಡೆಸ್ಕ್‌ಟಾಪ್‌ಗಳ ಪ್ಯಾನಲ್‌ಗಳಲ್ಲಿ ಅದಕ್ಕೆ ಜಾಗ ಸಿಗುತ್ತದೆ. ಹೊಸದಾಗಿ ಕಟ್ಟುತ್ತಿರುವ ಪಿಜಿನ್ 3 ಜಿಟಿಕೆ 4 ಮೇಲೆ ನಿಂತಿದೆ, ಅಲ್ಲಿ ಹಳೇ ಸೌಲಭ್ಯ ಇಲ್ಲ. ಲಿನಕ್ಸ್‌ನಲ್ಲಿ ಕಿಟಕಿಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್‌ನಲ್ಲಿ ಎಕ್ಸ್‌ಎಂಬೆಡ್ ಅನ್ನುವುದೇ ಇಲ್ಲ. ಟ್ರೇ ಬೇಕಿದ್ದರೆ ಡಿ-ಬಸ್ ದಾರಿಯೇ ಗತಿ. ಆ ದಾರಿಯಲ್ಲಿ ಐಕಾನ್ ತೋರಿಸುವವರು ಯಾರಾದರೂ ಇದ್ದಾರೆಯೇ ಅಂತ ಮೊದಲೇ ಕೇಳುವ ವ್ಯವಸ್ಥೆ ಇದೆ. ಕಾಯುವ ಹ್ಯಾಕ್ ಅಷ್ಟರ ಮಟ್ಟಿಗೆ ಬೇಕಾಗುವುದಿಲ್ಲ. ಆ ಪ್ರಶ್ನೆ ಕೇಳದೆ ನೇರವಾಗಿ ಅಡಗುವ ಪ್ರೋಗ್ರಾಂಗಳು ಮಾತ್ರ ಈಗಲೂ ಇವೆ.

ಪಿಜಿನ್ 3 ತಯಾರಾಗುವವರೆಗೆ ಪಿಜಿನ್ 2 ಇಟ್ಟುಕೊಂಡ ಅಂಗಡಿಗಳಿಗೆ ಒಂದೆರಡು ಮಾತು. ಎಲ್ಲ ಕಂಪ್ಯೂಟರುಗಳಲ್ಲೂ ಟ್ರೇ ಐಕಾನ್ ಆಯ್ಕೆ ಒಂದೇ ಥರ ಇರಲಿ, 'ಯಾವಾಗಲೂ' ಅಂತ ಇಟ್ಟರೆ ಒಳ್ಳೆಯದು. ಪ್ಯಾನಲ್‌ನಲ್ಲಿ ಟ್ರೇ ಭಾಗವನ್ನು ಯಾರೋ ಕೈತಪ್ಪಿ ತೆಗೆದಿದ್ದರೆ ಮೊದಲು ಅದನ್ನು ವಾಪಸ್ ಸೇರಿಸಿ. ಪೂರ್ತಿ ನಿಲ್ಲಿಸಲು ಐಕಾನ್ ಮೇಲೆ ಬಲ ಕ್ಲಿಕ್ ಮಾಡಿ ಕ್ವಿಟ್ ಒತ್ತಬೇಕು. ಪಟ್ಟಿ ಕಾಣದಿದ್ದರೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುವುದು ಬೇಡ. ಮೆನುವಿನಿಂದ ಪಿಜಿನ್ ಅನ್ನು ಇನ್ನೊಮ್ಮೆ ಶುರು ಮಾಡಿ. ಎರಡನೇ ಪಿಜಿನ್ ತೆರೆಯುವುದಿಲ್ಲ, ಮೊದಲಿನದರ ಪಟ್ಟಿಯೇ ಮೇಲೆ ಬರುತ್ತದೆ.