ಇಸಿಜಿ ನಾರ್ಮಲ್ ಬಂತು, ಮತ್ಯಾಕೆ ಇಲ್ಲೇ ಇರಿ ಅಂತಾರೆ?

ಪ್ರಶ್ನೆ: ಸಾರ್, ನಮ್ಮ ತಂದೆಯವರಿಗೆ ರಾತ್ರಿ ಊಟ ಆದ ಮೇಲೆ ಎದೆ ಹಿಡಿದುಕೊಂಡ ಹಾಗಾಯಿತು, ಬೆವರೂ ಬಂತು. ಕೋಲಾರಕ್ಕೆ ಕರೆದುಕೊಂಡು ಬಂದೆವು. ಇಸಿಜಿ ನಾರ್ಮಲ್ ಬಂದಿದೆ. ಆದರೂ ಡಾಕ್ಟರು ಬೆಳಗ್ಗೆವರೆಗೆ ಇರಿ, ಇನ್ನೊಂದು ಇಸಿಜಿ ಬೇಕು, ಬ್ಲಡ್ ಟೆಸ್ಟ್ ಬೇಕು ಅಂತಾರೆ. ನಾರ್ಮಲ್ ಅಂದ ಮೇಲೆ ಗ್ಯಾಸ್ಟ್ರಿಕ್ ತಾನೆ? ಇದೆಲ್ಲ ಬಿಲ್ ಏರಿಸೋಕಾ?

ಉತ್ತರ: ಇರಿ. ಬೆಳಗ್ಗೆವರೆಗೆ ಇರಿ ಅಂದರೆ ಇರಿ. ರಾತ್ರಿ ಗಾಡಿ ಮಾಡಿಕೊಂಡು ಊರಿಗೆ ಹೊರಡಬೇಡಿ.

ಈ ಪ್ರಶ್ನೆ ನನಗೆ ಮುಳಬಾಗಿಲಿನಿಂದ ಬರುತ್ತದೆ, ಮಾಲೂರಿನಿಂದ ಬರುತ್ತದೆ, ಶ್ರೀನಿವಾಸಪುರದಿಂದಲೂ ಬರುತ್ತದೆ. ಕೆಲವರಲ್ಲಿ ತಂದೆ, ಕೆಲವರಲ್ಲಿ ಮಾವ, ಒಮ್ಮೊಮ್ಮೆ ಕೇಳುವವರೇ ರೋಗಿ. ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಓದಿ ಅಂತ ಕೊಟ್ಟುಬಿಡುತ್ತೇನೆ. ಬಿಲ್ಲಿನ ವಿಷಯಕ್ಕೆ ಆಮೇಲೆ ಬರೋಣ.

ಮೊದಲು ಆ ಚೌಕಳಿ ಕಾಗದದಲ್ಲಿ ಏನಿದೆ ನೋಡಿ. ಮೈಮೇಲೆ ಹತ್ತು ಕಡೆ ಎಲೆಕ್ಟ್ರೋಡ್ ಹಾಕುತ್ತಾರೆ. ಕೈಕಾಲಿಗೆ ನಾಲ್ಕು, ಎದೆಗೆ ಆರು. ಅದರಿಂದ ಹನ್ನೆರಡು ಗೆರೆ ಬರುತ್ತವೆ. ಇವಕ್ಕೆ ಲೀಡ್ ಅಂತ ಹೆಸರು. ಒಂದೊಂದು ಲೀಡ್ ಹೃದಯವನ್ನು ಒಂದೊಂದು ದಿಕ್ಕಿನಿಂದ ನೋಡುತ್ತದೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡ್. ಇಡೀ ಹಾಳೆಯಲ್ಲಿರುವುದು ಸಾಮಾನ್ಯವಾಗಿ 10 ಸೆಕೆಂಡಿನ ಲೆಕ್ಕ, ಅಂದರೆ ಹನ್ನೆರಡು ಹದಿಮೂರು ಬಡಿತ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಬೆಳಗಿನ ಜಾವ ನಮ್ಮ ಎಪಿಎಂಸಿ ಒಳಗೆ ಹತ್ತು ಸೆಕೆಂಡ್ ಇಣುಕಿ, ಇವತ್ತಿನ ಟೊಮ್ಯಾಟೊ ರೇಟು ಇಷ್ಟೇ ಅಂತ ಯಾರಾದರೂ ಹೇಳಿದರೆ ನೀವೇ ನಗುತ್ತೀರಿ, ಅಲ್ವಾ?

ಇನ್ನೊಂದು ವಿಷಯ. ಇಸಿಜಿ ನೋಡುವುದು ಹೃದಯದ ಕರೆಂಟನ್ನು. ರಕ್ತನಾಳದೊಳಗೆ ಎಷ್ಟು ಬ್ಲಾಕ್ ಇದೆ ಅಂತ ಅದು ನೇರವಾಗಿ ನೋಡುವುದಿಲ್ಲ. ರಕ್ತ ಸಾಲದೆ ಮಾಂಸಖಂಡ ಒದ್ದಾಡಲು ಶುರು ಮಾಡಿದಾಗ ಕರೆಂಟು ಬದಲಾಗುತ್ತದೆ, ಆಗ ಗೆರೆ ಬದಲಾಗುತ್ತದೆ. ದೊಡ್ಡ ಬ್ಲಾಕ್ ಇಟ್ಟುಕೊಂಡವರೂ ಆರಾಮಾಗಿ ಮಲಗಿದ್ದಾಗ ಗೆರೆ ಚೆನ್ನಾಗಿಯೇ ಬರಬಹುದು.

ಈಗ ಗ್ಯಾಸ್ಟ್ರಿಕ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು.

ನಮ್ಮ ಕಡೆ ಗಂಟಲಿನಿಂದ ಹೊಕ್ಕುಳವರೆಗೆ ಏನೇ ಆದರೂ ಅದು ಗ್ಯಾಸ್ಟ್ರಿಕ್. ಬೆನ್ನು ಹಿಡಿದರೆ ಗ್ಯಾಸು ಬೆನ್ನಿಗೆ ಹೋಗಿದೆ. ಎಡಗೈ ಜೋಮು ಹಿಡಿದರೆ ಗ್ಯಾಸು ಕೈಗೆ ಇಳಿದಿದೆ. ದವಡೆ ನೋವಾದರೆ ಗ್ಯಾಸು ಮೇಲಕ್ಕೆ ಹೊಡೆದಿದೆ. ಹೊಟ್ಟೆಯಿಂದ ತೋಳಿಗೆ ಯಾವ ಪೈಪೂ ಇಲ್ಲ ಸ್ವಾಮಿ! ಗ್ಯಾಸು ಹೋಗುವುದು ಎರಡೇ ದಾರಿಯಲ್ಲಿ, ಎರಡೂ ನಿಮಗೆ ಗೊತ್ತು. ಎದೆಯಿಂದ ಕೈಗೆ, ದವಡೆಗೆ, ಬೆನ್ನಿಗೆ ನೋವು ಹರಿಯುವುದು ನರಗಳಿಂದ. ಹೃದಯದ ನರಗಳೂ ಆ ಜಾಗಗಳ ನರಗಳೂ ಬೆನ್ನುಹುರಿಯಲ್ಲಿ ಒಂದೇ ಕಡೆ ಸೇರುತ್ತವೆ. ನೋವು ಎಲ್ಲಿಂದ ಬಂತು ಅಂತ ಮೆದುಳಿಗೇ ಗೊಂದಲ.

"ತೇಗು ಬಂದ ಮೇಲೆ ಹಗುರ ಆಯ್ತು ಸಾರ್, ಹಾಗಾಗಿ ಗ್ಯಾಸೇ." ಇದು ಎರಡನೇ ವಾದ. ಎದೆಗೂ ಹೊಟ್ಟೆಗೂ ನಡುವೆ ವಪೆ ಅನ್ನುವ ಸ್ನಾಯುವಿನ ಪರದೆ ಇದೆ. ಹೃದಯದ ಕೆಳಗೋಡೆ ಅದರ ಮೇಲೆಯೇ ಕೂತಿದೆ, ಅದರ ಕೆಳಗೆ ಹೊಟ್ಟೆ. ಆ ಕೆಳಗೋಡೆಗೆ ಅಟ್ಯಾಕ್ ಆದಾಗ ವಾಕರಿಕೆ, ವಾಂತಿ, ತೇಗು, ಹೊಟ್ಟೆ ಉಬ್ಬರ ಎಲ್ಲವೂ ಬರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ, ವಯಸ್ಸಾದವರಿಗೆ, ಹೆಂಗಸರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು, ಉಬ್ಬಸದಲ್ಲೇ ಅಟ್ಯಾಕ್ ಆಗಿರುವುದೂ ಉಂಟು. ಆಂಟಾಸಿಡ್ ಕುಡಿದ ಮೇಲೆ ನೋವು ಇಳಿಯಿತು ಅನ್ನುವುದು ಸಾಕ್ಷಿಯಾಗುವುದಿಲ್ಲ. ಅಟ್ಯಾಕಿನ ನೋವೂ ಮಧ್ಯೆ ಮಧ್ಯೆ ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಸರಿಯಾಗಿ ನೀವು ಗೋಲಿ ಸೋಡಾ ಕುಡಿದಿದ್ದರೆ ಹೆಸರು ಸೋಡಾಗೆ.

ಈ ನಂಬಿಕೆ ಯಾಕೆ ಸಾಯುವುದಿಲ್ಲ ಗೊತ್ತಾ? ಎದೆಯುರಿ ಅಂತ ಬರುವವರಲ್ಲಿ ಬಹಳ ಜನರಿಗೆ ನಿಜವಾಗಿಯೂ ಹೊಟ್ಟೆಯ ತೊಂದರೆಯೇ ಇರುತ್ತದೆ. ಓಂಕಾಳು ತಿಂದು ಸರಿಹೋದವರು ಅದನ್ನು ಊರಿಗೆಲ್ಲ ಹೇಳುತ್ತಾರೆ. ಸರಿಹೋಗದವರ ಮನೆಯಲ್ಲಿ ಹೇಳುವ ಮಾತೇ ಬೇರೆ: "ಚೆನ್ನಾಗಿಯೇ ಇದ್ದರು, ಊಟ ಮಾಡಿ ಮಲಗಿದರು, ಬೆಳಗ್ಗೆ ಏಳಲಿಲ್ಲ." ಅಲ್ಲಿ ಓಂಕಾಳಿನ ಹೆಸರೇ ಬರುವುದಿಲ್ಲ.

ಇದರ ಮೇಲೆ ಒಂದು ನಾರ್ಮಲ್ ಇಸಿಜಿ ಸಿಕ್ಕಿಬಿಟ್ಟರೆ ಗ್ಯಾಸ್ಟ್ರಿಕ್ ವಾದಕ್ಕೆ ಸರ್ಟಿಫಿಕೇಟ್ ಸಿಕ್ಕ ಹಾಗೆಯೇ. ಆ ಸರ್ಟಿಫಿಕೇಟ್ ನಾವು ಕೊಡುವುದಿಲ್ಲ. ಎದೆನೋವು ಅಂತ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಅನ್ನುವುದು ನಿಯಮ. ಅದೇ ನಿಯಮದಲ್ಲಿ ಇನ್ನೊಂದು ಸಾಲಿದೆ, ಅದನ್ನು ಯಾರೂ ನೆನಪಿಡುವುದಿಲ್ಲ. ಮೊದಲ ಇಸಿಜಿಯಲ್ಲಿ ಏನೂ ಸಿಗದೆ, ನೋವು ಇನ್ನೂ ಇದ್ದು, ಅನುಮಾನವೂ ಇದ್ದರೆ, ಮೊದಲ ಒಂದು ಗಂಟೆಯಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು. ಹೆಪ್ಪುಗಟ್ಟಿದ ರಕ್ತ ನಾಳವನ್ನು ಒಮ್ಮೆ ಮುಚ್ಚುತ್ತದೆ, ಒಮ್ಮೆ ಬಿಡುತ್ತದೆ. ಬಿಟ್ಟ ಹೊತ್ತಿನಲ್ಲಿ ತೆಗೆದ ಹಾಳೆ ಚೆನ್ನಾಗಿಯೇ ಇರುತ್ತದೆ.

ಬ್ಲಡ್ ಟೆಸ್ಟಿನದೂ ಅದೇ ಕಥೆ. ಟ್ರೋಪೋನಿನ್ ಅನ್ನುವುದು ಹೃದಯದ ಮಾಂಸಖಂಡ ಒಡೆದಾಗ ರಕ್ತಕ್ಕೆ ಸೋರುವ ಪ್ರೋಟೀನ್. ಅದು ರಕ್ತದಲ್ಲಿ ಏರಲು ಹೊತ್ತು ಹಿಡಿಯುತ್ತದೆ. ನೋವು ಶುರುವಾಗಿ ಅರ್ಧ ಗಂಟೆಗೇ ಟೆಸ್ಟ್ ಮಾಡಿಸಿ ನೆಗೆಟಿವ್ ಅಂತ ಹೊರಟರೆ ಏನು ಪ್ರಯೋಜನ? ಅದಕ್ಕೇ ಕೆಲವು ಗಂಟೆ ಬಿಟ್ಟು ಇನ್ನೊಂದು ಸಲ ರಕ್ತ ತೆಗೆಯುತ್ತಾರೆ. ಇನ್ನು ಬಿಲ್ಲು: ಎರಡನೇ ಇಸಿಜಿಗೆ ಆಗುವುದು ಕೆಲವು ನೂರು ರೂಪಾಯಿ. ಬಿಲ್ ಏರಿಸಲೇಬೇಕು ಅಂತ ಕೂತವರಿಗೆ ಇದಕ್ಕಿಂತ ಒಳ್ಳೊಳ್ಳೆ ದಾರಿಗಳಿವೆ.

ಗೆರೆ ವಿಚಿತ್ರವಾಗಿ ಬರುವುದೂ ಉಂಟು. ಓದುವ ಕೆಲಸದ ರುಚಿ ಇರುವುದೇ ಅಲ್ಲಿ. ಟೊಮ್ಯಾಟೊ ಮಂಡಿಯಲ್ಲಿ ಬಾಕ್ಸ್ ಹೊರುವ ಒಬ್ಬರು ಬೆಳಗಿನ ಜಾವ ಬಂದರು. ಎದೆ ಒತ್ತುತ್ತಿದೆ ಅಂತ ಅಂಗೈಯಿಂದ ಎದೆ ಅಮುಕಿಕೊಂಡಿದ್ದರು. ಅಂಗಿ ಬೆವರಲ್ಲಿ ಒದ್ದೆ, ಎಲೆಕ್ಟ್ರೋಡ್ ಅಂಟುತ್ತಲೇ ಇಲ್ಲ. ಎರಡು ಸಲ ಒರೆಸಿ ಹಾಕಬೇಕಾಯಿತು. ಹಾಳೆ ಬಂತು. ದೊಡ್ಡ ಅಟ್ಯಾಕಿನಲ್ಲಿ ಗೆರೆಯ ಎಸ್‌ಟಿ ಅನ್ನುವ ಭಾಗ ಮೇಲೆ ಏಳಬೇಕು. ಇಲ್ಲಿ ಎಲ್ಲೂ ಎದ್ದಿಲ್ಲ. ಎದೆಯ ಮುಂಭಾಗದ ವಿ1, ವಿ2, ವಿ3 ಲೀಡುಗಳಲ್ಲಿ ಕೆಳಗೆ ಕುಸಿದಿದೆ, ಪಕ್ಕದಲ್ಲೇ ಉದ್ದನೆಯ ಆರ್ ಅಲೆ, ಅಂದರೆ ಬಡಿತದ ಚೂಪು ಶಿಖರ. ಜೊತೆಗಿದ್ದ ಹುಡುಗ ಡಾಕ್ಟರಿಗೆ ಹೇಳಿದೆ, ಹಾಳೆಯನ್ನು ತಲೆಕೆಳಗು ಮಾಡಿ, ಹಿಂಬದಿಯಿಂದ ಟ್ಯೂಬ್‌ಲೈಟಿಗೆ ಹಿಡಿದು ನೋಡಪ್ಪ ಅಂತ. ನೋಡಿದವನ ಮುಖವೇ ಬದಲಾಯಿತು. ಕುಸಿದಿದ್ದೆಲ್ಲ ಎದ್ದು ನಿಂತಿತ್ತು.

ವಿಷಯ ಇಷ್ಟೇ. ಮಾಮೂಲಿ ಇಸಿಜಿಯಲ್ಲಿ ಬೆನ್ನಿಗೆ ಒಂದೂ ಎಲೆಕ್ಟ್ರೋಡ್ ಇರುವುದಿಲ್ಲ. ಹೃದಯದ ಹಿಂಗೋಡೆಗೆ ಅಟ್ಯಾಕ್ ಆದರೆ ಮುಂದಿನ ಲೀಡುಗಳಿಗೆ ಅದು ಉಲ್ಟಾ ಕಾಣುತ್ತದೆ. ಆಗ ರೋಗಿಯನ್ನು ಸ್ವಲ್ಪ ಮಗ್ಗುಲಾಗಿಸಿ, ಎಡ ರೆಕ್ಕೆಮೂಳೆಯ ಕೆಳತುದಿಯ ಅಕ್ಕಪಕ್ಕ ಮೂರು ಎಲೆಕ್ಟ್ರೋಡ್ ಹಾಕಿ ಮತ್ತೆ ತೆಗೆಯಬೇಕು. ಅವೇ ವಿ7, ವಿ8, ವಿ9. ಅಲ್ಲಿ ಅರ್ಧ ಮಿಲಿಮೀಟರ್ ಎದ್ದರೂ ಸಾಕು. ಅವರಿಗೆ ಎದ್ದಿತ್ತು. ಮೆಷಿನ್ ಏನು ಬರೆದಿತ್ತು ಅಂತೀರಾ? ಹೃದಯಕ್ಕೆ ರಕ್ತ ಕಡಿಮೆ ಹೋಗುತ್ತಿರಬಹುದು, ವೈದ್ಯರನ್ನು ಕಾಣಿ ಅನ್ನುವ ಅರ್ಥದ ಒಂದು ಸಾಲು.

ಇನ್ನೊಂದು ಇದಕ್ಕಿಂತ ಕಳ್ಳ. ನೆದರ್‌ಲ್ಯಾಂಡ್ಸ್‌ನ ವೆಲ್ಲೆನ್ಸ್ ಮತ್ತವರ ತಂಡ 1982ರಲ್ಲಿ ಬರೆದದ್ದು. ನೋವು ಇರುವಾಗ ಇಸಿಜಿ ಹೆಚ್ಚುಕಮ್ಮಿ ಸರಿಯಾಗಿಯೇ ಕಾಣಬಹುದು. ನೋವು ಹೋದ ಮೇಲೆ ವಿ2, ವಿ3ರಲ್ಲಿ ಟಿ ಅಲೆ, ಅಂದರೆ ಬಡಿತದ ಕೊನೆಯ ಉಬ್ಬು, ತಲೆಕೆಳಗಾಗುತ್ತದೆ. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳ ಇನ್ನೇನು ಮುಚ್ಚಿಕೊಳ್ಳುವ ಹಾಗಿದೆ ಅಂತ ಅದರ ಅರ್ಥ. ರೋಗಿ ಮಾತ್ರ ಮಂಚದಿಂದ ಇಳಿದು ಚಪ್ಪಲಿ ಹುಡುಕುತ್ತಿರುತ್ತಾರೆ, ನೋವೆಲ್ಲ ಹೋಯಿತು ಅಂತ. ಇಂಥವರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರೆ ಅಲ್ಲೇ ಅಟ್ಯಾಕ್ ಆಗಬಹುದು. ನೋವಿಲ್ಲದಾಗ ತೆಗೆದ ಎರಡನೇ ಇಸಿಜಿ ದುಡ್ಡು ದಂಡ ಅನ್ನುವವರು ಇದನ್ನು ಎರಡು ಸಲ ಓದಿ.

ಎಸ್‌ಟಿ ಏಳದೆ, ಕೆಳಗಿನಿಂದ ಇಳಿಜಾರಾಗಿ ಹತ್ತಿ ಎತ್ತರದ ಟಿ ಅಲೆ ಸೇರುವ ಡಿ ವಿಂಟರ್ ಬಗೆಯೂ ಇದೆ. 2008ರಲ್ಲಿ ವಿವರಿಸಿದ್ದು. ಅದೂ ಅದೇ ದೊಡ್ಡ ನಾಳದ ಕಥೆ, ಮೆಷಿನ್ನಿಗೆ ಅದೂ ಸುಲಭಕ್ಕೆ ಸಿಗುವುದಿಲ್ಲ.

ಎಲ್ಲ ವಿಚಿತ್ರ ಗೆರೆಯೂ ಅಟ್ಯಾಕ್ ಅಲ್ಲ. ಕಿಡ್ನಿ ಕಾಯಿಲೆ ಇರುವವರು ಡಯಾಲಿಸಿಸ್ ತಪ್ಪಿಸಿಕೊಂಡು, ಬಿಸಿಲು ಅಂತ ಎಳನೀರು ಕುಡಿದು ಬರುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಅದನ್ನು ಹೊರಗೆ ಹಾಕುವುದಿಲ್ಲ. ಟಿ ಅಲೆ ಚೂಪಾಗಿ ಎದ್ದು, ಮುಂದೆ ಇಡೀ ಗೆರೆಯೇ ಅಗಲವಾಗುತ್ತದೆ. ಕೆಲವೊಮ್ಮೆ ಥೇಟ್ ಅಟ್ಯಾಕಿನ ಹಾಗೇ ಕಾಣುತ್ತದೆ. ಅಲ್ಲಿ ಬೇಕಾಗಿರುವುದು ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲವೇ ಅಲ್ಲ, ಕ್ಯಾಲ್ಸಿಯಂ ಗ್ಲುಕೋನೇಟ್. ಅದಕ್ಕೇ ಹಾಳೆ ಹಿಡಿದುಕೊಂಡು ಬಂದವರನ್ನು ನಾನು ಮೊದಲು ಕೇಳುವುದು, ಪೇಷಂಟ್ ಎಲ್ಲಿ ಅಂತ.

ಈಗ ಸರ್ಕಾರಿ ಆಸ್ಪತ್ರೆಗಳಲ್ಲೂ ಒಂದು ಒಳ್ಳೆ ವ್ಯವಸ್ಥೆ ಇದೆ. 2023ರಲ್ಲಿ ಶುರುವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಹೋಗುತ್ತದೆ. ಅಟ್ಯಾಕ್ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುತ್ತದೆ. ಮುಳಬಾಗಿಲಿನ ಕಡೆಯ ಹಳ್ಳಿಯಿಂದ ನೇರ ಬೆಂಗಳೂರಿಗೇ ಗಾಡಿ ಓಡಿಸುವ ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ನಿಲ್ಲಿಸಿ. ಹೊಸಕೋಟೆ ಟ್ರಾಫಿಕ್ಕಿನಲ್ಲಿ ಯಾರೂ ಇಂಜೆಕ್ಷನ್ ಕೊಡುವುದಿಲ್ಲ.

ಇಷ್ಟು ಹೇಳಿದ ಮೇಲೆ ಉಲ್ಟಾ ಪ್ರಶ್ನೆ ಬಂದೇ ಬರುತ್ತದೆ. "ನನಗೆ ಏನೂ ತೊಂದರೆ ಇಲ್ಲ, ಸುಮ್ನೆ ತೆಗೆಸಿದೆ, ಅಬ್ನಾರ್ಮಲ್ ಅಂತ ಬಂದಿದೆ!" 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಟಿವಿಯಲ್ಲಿ ಓಡಿದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಕ್ಯೂ ನಿಂತಿದ್ದನ್ನು ನೀವೂ ನೋಡಿರುತ್ತೀರಿ. ಹಾಳೆಯ ಮೇಲ್ಭಾಗದಲ್ಲಿ ಮೆಷಿನ್ ಬರೆಯುವ ಸಾಲು ಒಂದು ಅಂದಾಜು, ಅಷ್ಟೇ. ಬಲಗೈ ಎಡಗೈ ವೈರ್ ಅದಲುಬದಲಾದರೆ ಒಂದನೇ ಲೀಡ್ ಪೂರ್ತಿ ತಲೆಕೆಳಗಾಗುತ್ತದೆ. ಮೆಷಿನ್ ಹಳೆ ಅಟ್ಯಾಕ್ ಅಂತ ಬರೆದುಬಿಡಬಹುದು. ಎದೆಯ ಎಲೆಕ್ಟ್ರೋಡ್ ಒಂದು ಪಕ್ಕೆಲುಬು ಮೇಲೆ ಕೂತರೂ ಅಷ್ಟೇ. ಕೈ ನಡುಗುತ್ತಿದ್ದರೆ ಹೃದಯವೇ ನಡುಗಿದ ಹಾಗೆ ಕಾಣುತ್ತದೆ. ವಯಸ್ಸಿನ ಹುಡುಗರಲ್ಲಿ ಎಸ್‌ಟಿ ಸ್ವಲ್ಪ ಎದ್ದಿರುವುದು ಎಷ್ಟೋ ಸಲ ಮಾಮೂಲು. ಆದರೆ ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ, ಅಥವಾ ನೀವೇ ತಲೆ ತಿರುಗಿ ಬಿದ್ದಿದ್ದರೆ, ಆಗ ತೋರಿಸಲೇಬೇಕು. 1992ರಲ್ಲಿ ಬ್ರುಗಾಡಾ ಸಹೋದರರು ವಿವರಿಸಿದ ಒಂದು ಬಗೆ ಇದೆ, ಜ್ವರ ಬಂದಾಗ ಮಾತ್ರ ಎದ್ದು ಕಾಣುವುದೂ ಉಂಟು.

ಅದು ಮಾಮೂಲೋ ಹೊಸದೋ ಅಂತ ಹೇಳಲು ನನಗೆ ಬೇಕಾಗುವುದು ನಿಮ್ಮ ಹಳೇ ಇಸಿಜಿ. ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಬಹಳ ಕಡೆ ಇಸಿಜಿ ಬರುವುದು ಬಿಸಿ ತಾಗಿದರೆ ಕಪ್ಪಾಗುವ ಕಾಗದದಲ್ಲಿ. ಬಸ್ ಟಿಕೆಟ್ಟಿನಂತೆ ಅದೂ ಕೆಲವು ವರ್ಷಕ್ಕೆ ಬೆಳ್ಳಗಾಗುತ್ತದೆ. ಭದ್ರವಾಗಿರಲಿ ಅಂತ ಲ್ಯಾಮಿನೇಷನ್ ಮಾಡಿಸಿಕೊಂಡು ಬರುವವರಿದ್ದಾರೆ. ಆ ಬಿಸಿಗೆ ಹಾಳೆಯೆಲ್ಲ ಕಪ್ಪಾಗಿ, ಅಪ್ಪನ ಹೃದಯ ಇದ್ದ ಜಾಗದಲ್ಲಿ ಏನೂ ಇರುವುದಿಲ್ಲ. ಜೆರಾಕ್ಸ್ ಮಾಡಿಸಿ, ಇಲ್ಲವೇ ಫೋಟೊ ತೆಗೆಯಿರಿ. ಹಾಳೆಯನ್ನು ಟೇಬಲ್ ಮೇಲೆ ಚಪ್ಪಟೆಯಾಗಿ ಹಾಸಿ, ಹನ್ನೆರಡೂ ಲೀಡು, ಹೆಸರು, ತಾರೀಕು, ಟೈಮು ಎಲ್ಲ ಕಾಣುವಂತೆ. ಮಡಿಕೆಯ ಜಾಗದಲ್ಲಿ ವಿ3 ಮಾಯವಾದ ಫೋಟೊಗಳು ನನ್ನ ಹತ್ತಿರ ಬೇಕಾದಷ್ಟಿವೆ. ಆ ಫೋಟೊ ಮಗನ ಫೋನಿನಲ್ಲಿ ಮಾತ್ರ ಇಡಬೇಡಿ, ಅಮ್ಮನ ಫೋನಿಗೂ ಕಳಿಸಿ. ನೋವು ಬರುವ ರಾತ್ರಿ ಮಗ ನರಸಾಪುರದ ಫ್ಯಾಕ್ಟರಿಯಲ್ಲಿ ನೈಟ್ ಶಿಫ್ಟಿನಲ್ಲಿರುತ್ತಾನೆ, ಫೋನು ಲಾಕರಿನಲ್ಲಿರುತ್ತದೆ.