ಸೋತವರೂ ತೀರ್ಪನ್ನು ಯಾಕೆ ಒಪ್ಪುತ್ತಾರೆ?

ಚಿಕ್ಕಮಗಳೂರಿನ ಆಲ್ದೂರು ಕಡೆಯ ಒಂದು ಕಾಫಿ ತೋಟದಲ್ಲಿ ಹದ್ದುಬಸ್ತು, ಅಂದರೆ ಜಮೀನಿನ ಗಡಿ ಅಳೆದು ಗುರುತಿಸುವ ಕೆಲಸ, ನಡೆಯುತ್ತಿತ್ತು. ಇಬ್ಬರು ಬೆಳೆಗಾರರ ನಡುವೆ ಬೇಲಿಯ ಹಳೇ ತಕರಾರು. ಸರ್ವೆಯರ್ ಮೊದಲೇ ಇಬ್ಬರಿಗೂ ನೋಟಿಸ್ ಕೊಟ್ಟಿದ್ದರು. ಬಂದವರೇ ನಕ್ಷೆ ಬಿಚ್ಚಿ ಇಬ್ಬರಿಗೂ ತೋರಿಸಿದರು. ಹಿರಿಯರೊಬ್ಬರು, "ಇಲ್ಲಿಂದ ಅಳೀಬೇಡಿ ಸ್ವಾಮಿ, ಈ ಬಾಂದು ಕಲ್ಲು ಜರುಗಿದೆ" ಅಂದರು. ಸರ್ವೆಯರ್ ಗದರಲಿಲ್ಲ. ಇನ್ನೊಂದು ಕಲ್ಲಿನಿಂದಲೂ ಅಳೆದು ತೋರಿಸಿದರು. ಕೊನೆಗೆ ಜಾಗ ಹೋಗಿದ್ದು ಆ ಹಿರಿಯರದ್ದೇ. ಮೆಣಸಿನ ಬಳ್ಳಿ ಹಬ್ಬಿಸಿದ್ದ ಒಂದು ಸಾಲು ಸಿಲ್ವರ್ ಮರ ಪಕ್ಕದವರ ಪಾಲಾಯಿತು. ಮಹಜರಿಗೆ ಸಹಿ ಹಾಕುತ್ತಾ ಅವರು ಹೇಳಿದ್ದು ಇಷ್ಟೇ: "ಹೋಗ್ಲಿ ಬಿಡಿ, ಅಳತೆ ಸರಿಯಾಗೇ ಆಯ್ತು."

ಗೆದ್ದವರು ಕಾನೂನನ್ನು ಒಪ್ಪುವುದು ದೊಡ್ಡ ವಿಷಯವಲ್ಲ. ಸೋತವರು ಒಪ್ಪಬೇಕು. ಅವರು ಒಪ್ಪದಿದ್ದರೆ ನೆಟ್ಟ ಕಲ್ಲು ರಾತ್ರೋರಾತ್ರಿ ಜಾಗ ಬದಲಿಸುತ್ತೆ. ಪ್ರತಿ ಬೇಲಿಗೂ ಒಬ್ಬ ಪೊಲೀಸನನ್ನು ಕಾವಲಿಡೋಕೆ ಆಗುತ್ತಾ?

ದಂಡಕ್ಕೆ, ಜೈಲಿಗೆ ಹೆದರಿ ಜನ ಕಾನೂನು ಪಾಲಿಸುತ್ತಾರೆ ಅನ್ನೋದು ನಮ್ಮಲ್ಲಿ ಗಟ್ಟಿಯಾಗಿ ಕೂತ ನಂಬಿಕೆ. ಅಮೆರಿಕದ ಮನೋವಿಜ್ಞಾನಿ ಟಾಮ್ ಟೈಲರ್ ಇದನ್ನು ಪರೀಕ್ಷೆಗೆ ಒಡ್ಡಿದರು. 1984ರಲ್ಲಿ ಶಿಕಾಗೋದ 1,575 ಜನರನ್ನು ಮಾತಾಡಿಸಿದರು. ಒಂದು ವರ್ಷದ ನಂತರ ಅವರಲ್ಲಿ 804 ಜನರನ್ನು ಮತ್ತೆ ವಿಚಾರಿಸಿದರು. ಕುಡಿದು ಗಾಡಿ ಓಡಿಸೋದು, ಕಂಡಲ್ಲಿ ಪಾರ್ಕ್ ಮಾಡೋದು, ಕಸ ಎಸೆಯೋದು, ಇಂಥ ದಿನನಿತ್ಯದ ತಪ್ಪುಗಳ ಬಗ್ಗೆಯೇ ಪ್ರಶ್ನೆಗಳು. ಸಿಕ್ಕಿಬೀಳುವ ಭಯಕ್ಕಿಂತ ಎರಡು ಸಂಗತಿಗಳ ತೂಕ ಜಾಸ್ತಿ ಎಂದು ಗೊತ್ತಾಯಿತು. ಒಂದು, ಇದು ತಪ್ಪು ಅನ್ನುವ ಸ್ವಂತ ಮನಸ್ಸಾಕ್ಷಿ. ಇನ್ನೊಂದು, ಈ ಪೊಲೀಸರ, ಈ ಕೋರ್ಟಿನ ಮಾತು ಕೇಳಬೇಕಾದದ್ದೇ ಅನ್ನುವ ಗೌರವ. ಈ ಗೌರವ ಹುಟ್ಟುವುದು ತೀರ್ಪು ನಮ್ಮ ಪರ ಬಂತಾ ಅನ್ನೋದಕ್ಕಿಂತ, ನಮ್ಮ ಜೊತೆ ನ್ಯಾಯವಾಗಿ ನಡೆದುಕೊಂಡರಾ ಅನ್ನೋದರಿಂದ.

ನ್ಯಾಯವಾಗಿ ಅಂದರೆ ಹೇಗೆ? ನಮ್ಮ ಮಾತು ಹೇಳಲು ಬಿಡಬೇಕು. ಪಕ್ಷಪಾತ ಇರಬಾರದು. ಮರ್ಯಾದೆ ಕೊಡಬೇಕು. ಇವರಿಗೆ ನಮ್ಮ ಒಳಿತಿನ ಬಗ್ಗೆ ಕಾಳಜಿ ಇದೆ ಅಂತ ಅನ್ನಿಸಬೇಕು.

ಮಾತು ಹೇಳಲು ಬಿಡುವುದರಲ್ಲಿ ಒಂದು ಅಚ್ಚರಿ ಇದೆ. ಮನೋವಿಜ್ಞಾನಿ ಅಲನ್ ಲಿಂಡ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರಿಗೆ ನಿರ್ಧಾರ ಆಗುವ ಮೊದಲು ಅಭಿಪ್ರಾಯ ಹೇಳಲು ಬಿಟ್ಟರು. ಕೆಲವರಿಗೆ ಎಲ್ಲಾ ಮುಗಿದ ಮೇಲೆ ಬಿಟ್ಟರು. ಉಳಿದವರಿಗೆ ಬಿಡಲೇ ಇಲ್ಲ. ಮೊದಲೇ ಹೇಳಿದವರಿಗೆ ಎಲ್ಲರಿಗಿಂತ ಹೆಚ್ಚು ನ್ಯಾಯ ಅನ್ನಿಸಿತು, ಅದು ಸಹಜ. ಆದರೆ ಇನ್ನು ಏನೂ ಬದಲಾಗಲ್ಲ ಅಂತ ಗೊತ್ತಿದ್ದೂ ಮಾತಾಡಿದವರಿಗೆ ಕೂಡ, ಬಾಯಿ ಬಿಡದವರಿಗಿಂತ ಹೆಚ್ಚು ನ್ಯಾಯ ಅನ್ನಿಸಿತು. ನನಗೆ ಇದು ಮನಸ್ಸಿಗೆ ತಟ್ಟುವ ವಿಷಯ. ನಾವು ಕೇಳುವುದು ಬರೀ ಲಾಭವಲ್ಲ. ನಾನೂ ಈ ಊರಿನವನೇ, ನನ್ನ ಮಾತಿಗೂ ಬೆಲೆ ಇದೆ ಅನ್ನುವ ಖಾತ್ರಿಯೂ ಬೇಕು.

ಹಾಗಂತ ಕೇಳಿದ ಹಾಗೆ ನಟಿಸಿದರೆ ಸಾಲದು. ಒಳಗೊಳಗೇ ಎಲ್ಲಾ ತೀರ್ಮಾನ ಮಾಡಿಕೊಂಡು ಸಿಹಿಮಾತು ಆಡಿದರು ಅಂತ ಗೊತ್ತಾದರೆ ಸಿಟ್ಟು ಇನ್ನೂ ಹೆಚ್ಚುತ್ತೆ. ಶಿಕ್ಷೆಯೂ ಬೇಡ ಅಂತಲ್ಲ. ತಪ್ಪು ಮಾಡಿದರೆ ಸಿಕ್ಕಿಬೀಳುವುದು ಖಂಡಿತ ಅನ್ನುವ ಅರಿವು, ದಂಡದ ಮೊತ್ತಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪೊಲೀಸರು ಈ ನ್ಯಾಯವಾದ ನಡವಳಿಕೆಯನ್ನು ರಸ್ತೆಯಲ್ಲೇ ಪ್ರಯೋಗ ಮಾಡಿದರು. ಕುಡಿದು ಓಡಿಸುವವರನ್ನು ಹಿಡಿಯುವ 60 ತಪಾಸಣೆಗಳಲ್ಲಿ ಅರ್ಧದಷ್ಟು ಎಂದಿನ ಹಾಗೇ ನಡೆದವು. ಉಳಿದ ಅರ್ಧದಲ್ಲಿ, ಯಾಕೆ ನಿಲ್ಲಿಸಿದ್ದೇವೆ ಅಂತ ವಿವರಿಸಿ, ಚಾಲಕರ ಅಭಿಪ್ರಾಯ ಕೇಳಿ, ಥ್ಯಾಂಕ್ಸ್ ಹೇಳಿ ಕಳಿಸಿದರು. ಹೀಗೆ ಮಾತಾಡಿಸಿಕೊಂಡವರಲ್ಲಿ ಪೊಲೀಸರ ಬಗ್ಗೆ ಒಳ್ಳೆಯ ಅಭಿಪ್ರಾಯ ಹೆಚ್ಚಿತ್ತು. ಮುಳ್ಳಯ್ಯನಗಿರಿಗೆ ಹೋಗುವ ಕೈಮರದ ಚೆಕ್‌ಪೋಸ್ಟಿನಲ್ಲಿ ವೀಕೆಂಡ್ ಬಂದರೆ ಗಾಡಿಗಳ ಸಾಲು. ಅಲ್ಲೂ ಇದನ್ನು ಮಾಡಿ ನೋಡಬಹುದು. ಒಂದು ಗಾಡಿಗೆ ಒಂದೆರಡು ನಿಮಿಷ ಜಾಸ್ತಿ ಹಿಡಿಯುತ್ತೆ, ಅಷ್ಟೇ.