ಲೂಯಿಸಿಯಾನಾ ಎಕರೆಗೆ 3 ಸೆಂಟಿಗೆ ಸಿಕ್ಕಿತಾ?

ಪ್ರಶ್ನೆ: 1803ರಲ್ಲಿ ಅಮೆರಿಕ ನೆಪೋಲಿಯನ್‌ನಿಂದ ಲೂಯಿಸಿಯಾನಾವನ್ನು ಎಕರೆಗೆ 3 ಸೆಂಟಿನಂತೆ ಕೊಂಡಿತಂತೆ. ಚರಿತ್ರೆಯಲ್ಲೇ ಅತಿ ಅಗ್ಗದ ಜಮೀನು ವ್ಯಾಪಾರ ಇದೇ ಅಲ್ವಾ?

ಅಲ್ಲ. ಕ್ವಿಜ್ ಪುಸ್ತಕಗಳು ಇರುವ ತನಕ ಈ ಪ್ರಶ್ನೆ ಬರುತ್ತಲೇ ಇರುತ್ತದೆ ಅಂತ ಗೊತ್ತು. ಆದರೂ ಇನ್ನೊಮ್ಮೆ ಹೇಳುತ್ತೇನೆ.

ಬೆಲೆ ಒಂದೂವರೆ ಕೋಟಿ ಡಾಲರ್. ಮಿಸಿಸಿಪ್ಪಿ ನದಿಯಿಂದ ರಾಕಿ ಬೆಟ್ಟಗಳವರೆಗೆ ಸುಮಾರು 53 ಕೋಟಿ ಎಕರೆ. ಪ್ಯಾರಿಸ್ಸಿನಲ್ಲಿ ಮಾತುಕತೆಗೆ ಕೂತ ಅಮೆರಿಕದ ಪ್ರತಿನಿಧಿಗಳಾದ ಲಿವಿಂಗ್‌ಸ್ಟನ್ ಮತ್ತು ಮನ್ರೋಗೆ ಮುಖ್ಯವಾಗಿ ಬೇಕಿದ್ದದ್ದು ನ್ಯೂ ಆರ್ಲಿಯನ್ಸ್ ಬಂದರು. ಆಗ ಫ್ರೆಂಚ್ ವಸಾಹತಾಗಿದ್ದ ಹೈಟಿಯಲ್ಲಿ ಗುಲಾಮರ ದಂಗೆಗೂ ಹಳದಿ ಜ್ವರಕ್ಕೂ ಸೈನ್ಯ ಕಳೆದುಕೊಂಡ ನೆಪೋಲಿಯನ್ ಪೂರ್ತಿ ಮಾರಿಬಿಟ್ಟ. ಇಷ್ಟು ಪಠ್ಯಪುಸ್ತಕದಲ್ಲೇ ಇದೆ.

ಭಾಗಾಕಾರ ಸರಿಯೇ. ಆದರೆ ಆ ಎಕರೆಗಳು ಮಾರಿದವನ ಕೈಯಲ್ಲಿ ಇದ್ದವಾ? ನ್ಯೂ ಆರ್ಲಿಯನ್ಸ್, ಸೇಂಟ್ ಲೂಯಿಸ್‌ನಂಥ ಕೆಲವು ಊರುಗಳನ್ನು ಬಿಟ್ಟರೆ ಉಳಿದದ್ದೆಲ್ಲ ಓಸೇಜ್, ಪಾನೀ, ಮಂಡಾನ್, ಲಕೋಟಾ ಮುಂತಾದ ಮೂಲನಿವಾಸಿಗಳದ್ದು. ಅವರಲ್ಲಿ ಬಹುಪಾಲು ಜನ ಫ್ರೆಂಚ್ ಸಿಪಾಯಿಯ ಮುಖವನ್ನೂ ನೋಡಿರಲಿಲ್ಲ. ಒಪ್ಪಂದದ 6ನೇ ಕಲಮನ್ನು ಓದಿ. ಫ್ರಾನ್ಸಿಗಿಂತ ಮೊದಲು ಈ ಪ್ರದೇಶ ತನ್ನದು ಅನ್ನುತ್ತಿದ್ದ ಸ್ಪೇನ್ ಈ ಬುಡಕಟ್ಟುಗಳ ಜೊತೆ ಮಾಡಿಕೊಂಡಿದ್ದ ಒಪ್ಪಂದಗಳನ್ನು, ಇಬ್ಬರೂ ಒಪ್ಪಿ ಬೇರೆ ಮಾಡಿಕೊಳ್ಳುವ ತನಕ, ಅಮೆರಿಕ ಪಾಲಿಸಬೇಕು ಅಂತ ಅಲ್ಲೇ ಬರೆದಿದೆ. ಖಾಲಿ ಜಮೀನಾಗಿದ್ದರೆ ಈ ಮಾತು ಯಾಕೆ ಬೇಕಿತ್ತು?

ಅಮೆರಿಕ ಕೊಂಡದ್ದು ಒಂದು ಹಕ್ಕನ್ನು. ಮೂಲನಿವಾಸಿಗಳಿಂದ ಈ ನೆಲ ಪಡೆಯುವ ಅವಕಾಶ ಇನ್ನು ನಮಗೊಬ್ಬರಿಗೇ, ಯುರೋಪಿನ ಬೇರೆ ಯಾರೂ ಅಡ್ಡ ಬರಬಾರದು ಎಂಬ ಹಕ್ಕು. ಯಾರದೋ ತೋಟ. ಅದನ್ನು ಮುಂದೆ ಕೊಳ್ಳುವ ಹಕ್ಕು ನಿನಗೊಬ್ಬನಿಗೇ ಅಂತ ಮೂರನೆಯವನೊಬ್ಬ ಅಗ್ರಿಮೆಂಟ್ ಬರೆದುಕೊಟ್ಟು ದುಡ್ಡು ಎಣಿಸಿಕೊಂಡ ಹಾಗೆ. ತೋಟದವರನ್ನು ಯಾರೂ ಕೇಳಲಿಲ್ಲ. 1823ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಇದೇ ಲೆಕ್ಕಾಚಾರಕ್ಕೆ ಸುಪ್ರೀಂ ಕೋರ್ಟಿನ ಮುದ್ರೆ ಒತ್ತಿದರು.

ಆಗಲೂ ನಂಬಿಕೆ ಬಾರದವರು 1804ರ ಸೆಪ್ಟೆಂಬರ್ ನೋಡಿ. ಹೊಸ ಪ್ರದೇಶ ನೋಡಿಬರಲು ಅಮೆರಿಕ ಸರ್ಕಾರ ಕಳಿಸಿ, ಮಿಸೌರಿ ನದಿಯಲ್ಲಿ ಹೊರಟಿದ್ದ ಲೂಯಿಸ್ ಮತ್ತು ಕ್ಲಾರ್ಕ್‌ರ ದೋಣಿಯನ್ನು ಲಕೋಟಾ ಜನ ತಡೆದು ನಿಲ್ಲಿಸಿದರು. ‘ಕೊಂಡ’ ನೆಲದಲ್ಲಿ ಮುಂದೆ ಹೋಗಲು ಉಡುಗೊರೆ ಕೊಟ್ಟು ಓಲೈಸಬೇಕಾಯಿತು!

ನಿಜವಾದ ಜಮೀನು ವ್ಯವಹಾರ ಆಮೇಲೆ ನಡೆಯಿತು. 1808ರಲ್ಲಿ ಓಸೇಜರು ಈಗಿನ ಮಿಸೌರಿ, ಅರ್ಕನ್ಸಾಗಳ ದೊಡ್ಡ ಪಾಲನ್ನು ಬಿಟ್ಟುಕೊಟ್ಟರು. ಸಿಕ್ಕಿದ್ದು 1,200 ಡಾಲರ್ ನಗದು, ವರ್ಷಕ್ಕೆ 1,500 ಡಾಲರ್ ಬೆಲೆಯ ಸಾಮಾನು. ಮನಸ್ಸಿನಿಂದ ಒಪ್ಪಿದರು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಇಂಥ ಬಿಟ್ಟುಕೊಡುವಿಕೆಗಳು ಇನ್ನೂರು ದಾಟುತ್ತವೆ; ಎಷ್ಟೋ ಕಡೆ ಬಂದೂಕಿನ ನೆರಳಲ್ಲಿ. 1877ರಲ್ಲಿ ಸೂ ಜನರಿಂದ (ಲಕೋಟಾಗಳೂ ಇವರಲ್ಲೇ ಸೇರುತ್ತಾರೆ) ಕಿತ್ತುಕೊಂಡ ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಿಗೆ ಪರಿಹಾರ ಕೊಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1980ರಲ್ಲಿ. ಬಡ್ಡಿ ಸೇರಿ 10 ಕೋಟಿ ಡಾಲರಿಗೂ ಜಾಸ್ತಿ. ಸೂ ಜನ ಆ ದುಡ್ಡು ಮುಟ್ಟಿಲ್ಲ. ನೆಲವೇ ಬೇಕು ಅನ್ನುತ್ತಾರೆ.

ಇನ್ನು ನೀವು ಕೇಳದೇ ಇದ್ದದ್ದು, ನನಗೆ ಇಷ್ಟವಾದದ್ದು. ಅಷ್ಟು ದುಡ್ಡು ಅಮೆರಿಕದ ಹತ್ತಿರ ಎಲ್ಲಿತ್ತು? ಇರಲಿಲ್ಲ. ಫ್ರಾನ್ಸಿಗೆ ಕೊಟ್ಟದ್ದು 1 ಕೋಟಿ 12.5 ಲಕ್ಷ ಡಾಲರಿನ ಬಾಂಡ್, ಶೇ 6 ಬಡ್ಡಿ. ಉಳಿದದ್ದು ಫ್ರಾನ್ಸಿನಿಂದ ಬಾಕಿ ಬರಬೇಕಿದ್ದ ಅಮೆರಿಕನ್ನರಿಗೆ. ನೆಪೋಲಿಯನ್‌ಗೆ ಬೇಕಿದ್ದದ್ದು ನಗದು. ಹಾಗಾಗಿ ಬಾಂಡ್‌ಗಳನ್ನು ಮುಖಬೆಲೆಗಿಂತ ಕಡಿಮೆಗೆ ಆಮ್‌ಸ್ಟರ್‌ಡ್ಯಾಮಿನ ಹೋಪ್ ಕಂಪನಿ ಮತ್ತು ಲಂಡನ್ನಿನ ಬೇರಿಂಗ್ಸ್ ಬ್ಯಾಂಕಿಗೆ ಮಾರಿದ. ಅದೇ 1803ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಮತ್ತೆ ಯುದ್ಧ ಶುರುವಾಗಿತ್ತು. ಅಂದರೆ ತಮ್ಮ ದೇಶದ ಮೇಲೆ ಯುದ್ಧ ಮಾಡುತ್ತಿದ್ದವನ ಖಜಾನೆಗೆ ಲಂಡನ್ನಿನ ಬ್ಯಾಂಕೇ ದುಡ್ಡು ತುಂಬಿತು. ಹೌದು, 1995ರಲ್ಲಿ ನಿಕ್ ಲೀಸನ್ ಎಂಬ ಟ್ರೇಡರ್ ಸಿಂಗಪುರದಲ್ಲಿ ಕೂತು ಮುಳುಗಿಸಿದ ಬೇರಿಂಗ್ಸ್ ಇದೇ.